ಸೃಷ್ಟಿಕರ್ತೃನಿರಾಕರಣವೂ ಮನುಷ್ಯಜಾತಿಯ ಏಕತ್ವವೂ

ಜಗತ್ತಿಗೆ ಕರ್ತೃವಾದ ಈಶ್ವರನನ್ನು ಒಪ್ಪದೆ, ಪ್ರಕೃತಿಯನ್ನೇ ಪ್ರಮಾಣವಾಗಿ ಹಿಡಿದವನಿಗೆ ಮನುಷ್ಯನಲ್ಲಿ ಗೌರವವುಂಟಾಗಲು ಆಧಾರವೇನು? ಈ ಪ್ರಶ್ನೆಯು ಪಾಶ್ಚಾತ್ಯರಿಂದ ಬಂದುದೆಂದು ಭಾವಿಸುವುದು ವಾಡಿಕೆ. ಆದರೆ ಕನ್ನಡನಾಡಿನಲ್ಲಿ ಇದಕ್ಕೆ ಸಂಬಂಧಪಟ್ಟ ವಿಚಾರವು ರಾಷ್ಟ್ರಕೂಟರ ಕಾಲದಲ್ಲಿಯೇ ನಡೆದಿತ್ತು.

ಅಮೋಘವರ್ಷನೃಪತುಂಗನಿಗೆ ಪೂಜ್ಯನಾಗಿದ್ದ ಜಿನಸೇನಾಚಾರ್ಯನು ತನ್ನ ಸಂಸ್ಕೃತ ಆದಿಪುರಾಣದ 4ನೆಯ ಪರ್ವದಲ್ಲಿ ಸೃಷ್ಟಿವಾದವನ್ನು ಖಂಡಿಸಿದ್ದಾನೆ. ಸೃಷ್ಟಿಗೆ ಮೊದಲು ಕರ್ತೃವು ಎಲ್ಲಿದ್ದನು, ಕೃತಾರ್ಥನಾದವನಿಗೆ ಸೃಷ್ಟಿಸುವ ಇಚ್ಛೆಯೇಕೆ, ದಯೆಯಿಂದ ಸೃಷ್ಟಿಸಿದನೆಂದರೆ ಲೋಕವೆಲ್ಲ ಸುಖಮಯವಾಗಲಿಲ್ಲವೇಕೆ ಎಂಬಿವು ಅವನ ಆಕ್ಷೇಪಗಳಲ್ಲಿ ಮುಖ್ಯವಾದವು. ಅದೇ ಗ್ರಂಥದ 38ನೆಯ ಪರ್ವದಲ್ಲಿ ಮನುಷ್ಯಜಾತಿಯು ಒಂದೇ ಎಂದೂ, ಅದು ನಾಲ್ಕಾಗಿ ಕಾಣುವುದು ವೃತ್ತಿಭೇದದಿಂದೆಂದೂ ಹೇಳಿದೆ. 941ರ ಆದಿಪುರಾಣದಲ್ಲಿ ಪಂಪನು ಕನ್ನಡಿಸಿದ ಈ ಮಾತು ಇಂದು ಸಭೆಸಭೆಗಳಲ್ಲಿ ಕೇಳಿಬರುತ್ತದೆ. ಅದು ಸೃಷ್ಟಿಕರ್ತೃವನ್ನೊಪ್ಪದ ಪರಂಪರೆಯದೆಂಬುದನ್ನು ನೆನೆಯುವವರು ವಿರಳ.

ಇಷ್ಟರಿಂದ, ಕರ್ತೃವನ್ನು ಬಿಟ್ಟರೆ ಮಾನವಸಮತೆಯು ತಾನಾಗಿ ಸಿದ್ಧಿಸುತ್ತದೆನ್ನಬಹುದೆ? ಎನ್ನಕೂಡದು. ಜಿನಸೇನನಿಗಿಂತ ಮೊದಲೇ ಮೀಮಾಂಸಕನಾದ ಕುಮಾರಿಲಭಟ್ಟನು ಶ್ಲೋಕವಾರ್ತಿಕದಲ್ಲಿ ಇಂಥವೇ ಯುಕ್ತಿಗಳಿಂದ, ದಯೆಯ ಆಕ್ಷೇಪವನ್ನೂ ಸೇರಿಸಿ, ಸೃಷ್ಟಿಕರ್ತೃವನ್ನು ನಿರಾಕರಿಸಿದ್ದನು. ಆದರೂ ಬ್ರಾಹ್ಮಣ್ಯಾದಿ ಜಾತಿಗಳು ವಾಸ್ತವವೆಂದೂ, ಮಾತಾಪಿತೃಗಳ ಜಾತಿಯನ್ನು ಬಲ್ಲವನಿಗೆ ಪ್ರತ್ಯಕ್ಷವೆಂದೂ ಅವನು ಸಾಧಿಸಿದನು. ನೈಯಾಯಿಕರ ಮಾತಿನಲ್ಲಿ, ಇಲ್ಲಿ ಹೇತುವು ಅನೈಕಾಂತಿಕ. ನಿರೀಶ್ವರವಾದಕ್ಕೂ ಮಾನವಗೌರವಕ್ಕೂ ವಿರೋಧವೂ ಇಲ್ಲ, ಅವಿನಾಭಾವವೂ ಇಲ್ಲ.

ಜಿನಸೇನನಲ್ಲಿಯೂ ತೊಡಕುಂಟು. ಅವನು ಹೇಳುವ ಏಕತ್ವಕ್ಕೆ ಆಧಾರವು ಜಾತಿನಾಮಕರ್ಮದ ಉದಯ. ಅಂದರೆ ಕರ್ಮತತ್ತ್ವವೇ ಹೊರತು ಕೇವಲ ಪ್ರಕೃತಿಯಲ್ಲ. ಆ ಮಾತು ಬರುವುದೂ ಭರತಚಕ್ರವರ್ತಿಯು ದ್ವಿಜರನ್ನು ಸ್ಥಾಪಿಸುವ ಸಂದರ್ಭದಲ್ಲಿ. ಮುಂದಣ ಶ್ಲೋಕವು ಶೂದ್ರರ ವೃತ್ತಿಯನ್ನು ಕೀಳೆನ್ನುತ್ತದೆ. ಸಭೆಗಳಲ್ಲಿ ಅದನ್ನಾರೂ ಓದುವುದಿಲ್ಲ.

ಕಣ್ಣಿಗೆ ಕಾಣುವುದನ್ನೇ ಹಿಡಿದು ವಾದಿಸಿದವನು ಅವನ ಶಿಷ್ಯನಾದ ಗುಣಭದ್ರ. ಹಸುವಿಗೂ ಕುದುರೆಗೂ ಇರುವಂಥ ಆಕೃತಿಭೇದವು ಮನುಷ್ಯದೇಹಗಳಲ್ಲಿ ಕಾಣದು. ಒಂದು ವರ್ಣದ ಪುರುಷನಿಂದ ಮತ್ತೊಂದು ವರ್ಣದ ಸ್ತ್ರೀಯಲ್ಲಿ ಗರ್ಭವೂ ಉಂಟಾಗುತ್ತದೆ. ಆದುದರಿಂದ ಮನುಷ್ಯರಲ್ಲಿ ಜಾತಿಕೃತಭೇದವಿಲ್ಲವೆಂದು ಉತ್ತರಪುರಾಣದಲ್ಲಿ ಅವನ ವಾದ. ಜೀವಪ್ರಭೇದಗಳನ್ನು ನಿರ್ಣಯಿಸುವಾಗ ಇಂದಿನ ಪ್ರಾಣಿಶಾಸ್ತ್ರಜ್ಞರು ಹಿಡಿಯುವ ಲಕ್ಷಣಗಳಲ್ಲಿ ಇದೂ ಒಂದು. ಇಲ್ಲಿ ದೇವರೂ ಬಂದಿಲ್ಲ, ಕರ್ಮವೂ ಬಂದಿಲ್ಲ. ಪ್ರಕೃತಿದರ್ಶನವೊಂದರಿಂದಲೇ ಏಕತ್ವವು ಸಿದ್ಧಿಸಿದೆ. ಆದರೆ ಗುಣಭದ್ರನು ಅಲ್ಲಿಗೆ ನಿಲ್ಲಲಿಲ್ಲ. ಶುಕ್ಲಧ್ಯಾನಕ್ಕೆ ಹೇತುವಾದ ಜಾತಿಗೋತ್ರಾದಿ ಕರ್ಮಗಳುಳ್ಳವರೇ ತ್ರೈವರ್ಣಿಕರು, ಉಳಿದವರು ಶೂದ್ರರು ಎಂದು ಒಡನೆಯೇ ಹೇಳಿ, ದೇಹದಲ್ಲಿ ಕಾಣದ ಭೇದವನ್ನು ಕರ್ಮದಲ್ಲಿ ಮತ್ತೆ ಸ್ಥಾಪಿಸಿದನು. ಶಕ 820ರಲ್ಲಿ ಬಂಕಾಪುರದಲ್ಲಿ ಈ ಪುರಾಣಕ್ಕೆ ಪೂಜೆ ಸಂದಾಗ ಎರಡು ಮಾತುಗಳೂ ಅಕ್ಕಪಕ್ಕದಲ್ಲಿಯೇ ಇದ್ದವು.