ಕೈತೋಟದ ಕಾರ್ಯಕ್ರಮ: ನೋಡುಗರು ಬಯಸಿದ್ದೇನು?

ಮೂಲಂಗಿಯ ಬೀಜ ಬಿತ್ತಿದರೆ ಮೊಳಕೆ ಕಾಣಲು ನಾಲ್ಕೈದು ದಿನ ಬೇಕು. ಗಡ್ಡೆ ಕಿತ್ತು ಸಾರಿಗೆ ಹಾಕಲು ಒಂದು ತಿಂಗಳಾದರೂ ಕಾಯಬೇಕು. ದೂರದರ್ಶನದಲ್ಲಿ ಒಂದು ಕಾರ್ಯಕ್ರಮಕ್ಕೆ ಸಿಗುವುದು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಹೀಗೆ ನೋಡಿದರೆ ಕೈತೋಟಕ್ಕೂ ದೂರದರ್ಶನಕ್ಕೂ ಹೊಂದಾಣಿಕೆಯೇ ಇರಬಾರದಿತ್ತು. ಆದರೆ ಬ್ರಿಟನ್ನಿನಲ್ಲಿ ದೂರದರ್ಶನ ಪ್ರಸಾರ ಆರಂಭವಾದ ತಿಂಗಳಲ್ಲೇ ಕೈತೋಟದ ಕಾರ್ಯಕ್ರಮವೂ ಹುಟ್ಟಿಕೊಂಡಿತು. ಯುದ್ಧದ ಕಾಲ ಬಿಟ್ಟರೆ, ಅಂಥ ಕಾರ್ಯಕ್ರಮಗಳಿಗೆ ಅಲ್ಲಿ ಇಂದಿಗೂ ನೋಡುಗರ ಕೊರತೆಯಿಲ್ಲ. ವಿದ್ಯಾರ್ಥಿ ಮಿತ್ರರೇ, ಅಲ್ಲಿನ ಜನ ಇವುಗಳಿಂದ ಬಯಸಿದ್ದಾದರೂ ಏನು? ಪಾಠವನ್ನೇ, ಹೂಗಳ ಸೊಬಗನ್ನೇ, ಅಥವಾ ಮತ್ತೇನನ್ನಾದರೂ? ಕಾರ್ಯಕ್ರಮ ತಯಾರಿಸುವವರು ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಕಂಡುಕೊಂಡರು. ಆ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಬಿ.ಬಿ.ಸಿ.ಯ ನಿಯತ ದೂರದರ್ಶನ ಪ್ರಸಾರ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ ಎಂಬ ಕಟ್ಟಡದಿಂದ 1936ರ ನವೆಂಬರ್ 2ರಂದು ಆರಂಭವಾಯಿತು. ಅದೇ ತಿಂಗಳಲ್ಲಿ ಸಿ.ಎಚ್. ಮಿಡ್ಲ್‌ಟನ್ ಎಂಬವರು ಕ್ಯಾಮೆರಾ ಮುಂದೆ ನಿಂತು ತೋಟಗಾರಿಕೆಯ ಮಾತಾಡಿದರು. ಅವರಿಗಾಗಿ ಆ ಕಟ್ಟಡದ ಆವರಣದಲ್ಲೇ ಒಂದು ಪುಟ್ಟ ತೋಟವನ್ನು ಸಿದ್ಧಪಡಿಸಲಾಯಿತು. ಮಿಡ್ಲ್‌ಟನ್ ಅವರ ತಂದೆ ಶ್ರೀಮಂತರೊಬ್ಬರ ಎಸ್ಟೇಟಿನಲ್ಲಿ ಹಿರಿಯ ತೋಟಗಾರ. ಮಗ 1931ರಿಂದಲೇ ರೇಡಿಯೋದಲ್ಲಿ ಜನಪ್ರಿಯನಾಗಿದ್ದ. ಬೇಲಿಯಾಚೆ ನಿಂತ ನೆರೆಮನೆಯವರು ಮಾತಾಡಿಸಿದಂತಿತ್ತು ಅವರ ಧಾಟಿ. ಪಂಡಿತರ ಉಪನ್ಯಾಸದ ಬಿಗಿ ಅದರಲ್ಲಿರಲಿಲ್ಲ. 1939ರ ಸೆಪ್ಟೆಂಬರ್ 1ರಂದು ಯುದ್ಧದ ಕಾರಣ ದೂರದರ್ಶನ ನಿಂತಿತು. ಆಗ ಆಹಾರದ ಅಭಾವ ನೀಗಿಸಲು ಹುಲ್ಲುಹಾಸನ್ನು ಅಗೆದು ಆಲೂಗಡ್ಡೆ, ಕೋಸು ಬೆಳೆಯಿರಿ ಎಂದು ಮನೆಮನೆಗೆ ಹೇಳಿದ್ದು ರೇಡಿಯೋದ ಇದೇ ದನಿ. ಅವರು 1945ರಲ್ಲಿ ತೀರಿಕೊಂಡರು. ದೂರದರ್ಶನ ಮತ್ತೆ ಆರಂಭವಾದದ್ದು ಮರುವರ್ಷ.

ಮುಂದಿನ ದೊಡ್ಡ ಹೆಸರು ಪರ್ಸಿ ಥ್ರೋವರ್. ಇವರೂ ತೋಟಗಾರನ ಮಗನೇ. ಶ್ರೂಸ್‌ಬರಿ ಪಟ್ಟಣದ ಉದ್ಯಾನಗಳ ಮೇಲ್ವಿಚಾರಕರಾಗಿದ್ದರು. 1950ರ ದಶಕದ ಮಧ್ಯದಲ್ಲಿ ಆರಂಭವಾದ 'ಗಾರ್ಡನಿಂಗ್ ಕ್ಲಬ್' ಎಂಬ ಇವರ ಕಾರ್ಯಕ್ರಮ ಸ್ಟುಡಿಯೋದಲ್ಲಿ ನಡೆಯುತ್ತಿತ್ತು. ಒಳಗೆ ಮಣ್ಣು ತಂದು ಸುರಿದು, ಪಾತಿ ಮಾಡಿ, ಒಂದು ಹಸಿರುಮನೆಯನ್ನೂ ನಿಲ್ಲಿಸಿದ್ದರು. ಆ ಹಸಿರುಮನೆಗೆ ಗಾಜೇ ಇರಲಿಲ್ಲ! ಗಾಜಿನ ಮೇಲೆ ಬಿದ್ದ ದೀಪದ ಬೆಳಕು ಪ್ರತಿಫಲಿಸಿ ಕ್ಯಾಮೆರಾದ ಕಣ್ಣು ಕುಕ್ಕುತ್ತದೆ ಎಂಬುದು ಭೌತಶಾಸ್ತ್ರ ಓದಿದ ನಿಮಗೆ ಹೇಳಬೇಕಾಗಿಲ್ಲ. ಥ್ರೋವರ್ ಒಳಗೆ ಬಂದು, ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಕೆಲಸಕ್ಕೆ ಕೈಹಾಕುತ್ತಿದ್ದರು. ಅದು ಸ್ಟುಡಿಯೋದ ತೋಟ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಆದರೆ ಸಸಿಯನ್ನು ಹಿಡಿಯುವ ಕೈಯ ಪಳಗಿಕೆ ಮಾತ್ರ ಅಸಲಿ. ನನ್ನ ಮಟ್ಟಿಗೆ ಆ ಕಾರ್ಯಕ್ರಮದ ಗೆಲುವಿನ ಕಾರಣ ಅಲ್ಲಿದೆ.

ಅನಂತರ ಬಣ್ಣ ಬಂತು. ಬಿ.ಬಿ.ಸಿ.ಯ ಎರಡನೆಯ ವಾಹಿನಿಯಲ್ಲಿ 1967ರಲ್ಲಿ ಬಣ್ಣದ ಪ್ರಸಾರ ಆರಂಭವಾಗಿ, 1968ರ ಜನವರಿ 5ರಂದು 'ಗಾರ್ಡನರ್ಸ್ ವರ್ಲ್ಡ್' ಮೊದಲ ಬಾರಿ ಪ್ರಸಾರವಾಯಿತು. ಕಪ್ಪು-ಬಿಳುಪಿನಲ್ಲಿ ಹಣ್ಣಾದ ಟೊಮೇಟೊಗೂ ಅದರ ಎಲೆಗೂ ಹೆಚ್ಚು ವ್ಯತ್ಯಾಸ ಕಾಣದು, ಎರಡೂ ಬೂದು. ಗುಲಾಬಿ ಯಾವ ಬಣ್ಣದ್ದೆಂದು ನಿರೂಪಕನೇ ಬಾಯಲ್ಲಿ ಹೇಳಬೇಕು. ಎಲೆ ಹಳದಿಯಾದರೆ ಸಾರಜನಕದ ಕೊರತೆಯಿರಬಹುದು ಎಂದು ತೋರಿಸುವುದಾದರೂ ಹೇಗೆ? ಬಣ್ಣದಿಂದ ಸೊಬಗಿನ ಜೊತೆಗೆ ಪಾಠವೂ ಸ್ಪಷ್ಟವಾಯಿತು. ಇನ್ನೊಂದು ಮಾತು. ಮೊದಲ ಕಂತು ಬಂದ ಆ ದಿನ ಶುಕ್ರವಾರ. ಮುಂದೆಯೂ ಈ ಕಾರ್ಯಕ್ರಮಕ್ಕೂ ಶುಕ್ರವಾರದ ಸಂಜೆಗೂ ನಂಟು ಬೆಳೆಯಿತು. ಮರುದಿನದಿಂದ ವಾರಾಂತ್ಯದ ರಜೆ. ರಾತ್ರಿ ಕಂಡದ್ದನ್ನು ಬೆಳಿಗ್ಗೆ ಸನಿಕೆ ಹಿಡಿದು ಮಾಡಿನೋಡಬಹುದು. ಯಾವ ದಿನ ಪ್ರಸಾರ ಮಾಡಬೇಕೆಂಬ ತೀರ್ಮಾನವನ್ನು ನಾವು ಕಚೇರಿಯ ಕೆಲಸವೆಂದು ತಿಳಿಯುತ್ತೇವೆ. ನೋಡುಗರ ಬದುಕನ್ನು ಎಷ್ಟು ಬಲ್ಲೆವೆಂಬುದು ಅದರಲ್ಲೇ ಗೊತ್ತಾಗುತ್ತದೆ.

ಥ್ರೋವರ್ ಈ ಹೊಸ ಕಾರ್ಯಕ್ರಮದಲ್ಲೂ ಮುಂದುವರಿದರು. ಶ್ರೂಸ್‌ಬರಿಯ ಬಳಿ ತಾವೇ ಬೆಳೆಸಿದ ಮನೆಯ ತೋಟವನ್ನೂ ತೋರಿಸಿದರು. ಆದರೆ 1970ರ ದಶಕದ ನಡುವೆ ಅವರು ರಾಸಾಯನಿಕ ಕಂಪನಿ ಐ.ಸಿ.ಐ.ಗೆ ಸೇರಿದ ತೋಟಗಾರಿಕೆ ಉತ್ಪನ್ನಗಳ ಜಾಹೀರಾತಿಗೆ ಒಪ್ಪಂದ ಮಾಡಿಕೊಂಡಾಗ, ಬಿ.ಬಿ.ಸಿ. ಅವರನ್ನು ಕಾರ್ಯಕ್ರಮದಿಂದ ಕೈಬಿಟ್ಟಿತು. ಅವರು ಮೊದಲಿನಿಂದಲೂ ಕೀಟನಾಶಕಗಳ ಪರವಾಗಿಯೇ ಇದ್ದವರು. ದುಡ್ಡಿಗಾಗಿ ಅಭಿಪ್ರಾಯ ಬದಲಿಸಲಿಲ್ಲ. ಹಾಗಾದರೆ ತಪ್ಪೇನು ಎಂದು ನೀವು ಕೇಳಬಹುದು. ನಿಮ್ಮ ಗಿಡಕ್ಕೆ ಹುಳು ಹತ್ತಿದೆ, ಬಲ್ಲವರೊಬ್ಬರು 'ಈ ಔಷಧಿ ಹೊಡೆಯಿರಿ' ಎನ್ನುತ್ತಾರೆ. ಅವರಿಗೆ ಆ ಔಷಧಿಯ ಕಂಪನಿ ಹಣ ಕೊಡುತ್ತಿದೆ ಎಂದು ತಿಳಿದರೆ, ಸಲಹೆ ಸರಿಯಿದ್ದರೂ ಮನಸ್ಸು ಒಂದು ಗಳಿಗೆ ಅಳುಕುತ್ತದೆ. ಸಾರ್ವಜನಿಕ ಪ್ರಸಾರಕ್ಕೆ ಆ ಅಳುಕೇ ದೊಡ್ಡ ನಷ್ಟ. ಬಿ.ಬಿ.ಸಿ.ಯ ತೀರ್ಮಾನ ಕಠಿಣವಾಗಿ ಕಂಡರೂ ಸರಿಯಾದದ್ದೇ ಎಂದು ನಾನು ತಿಳಿಯುತ್ತೇನೆ.

ಥ್ರೋವರ್ ಮಕ್ಕಳ 'ಬ್ಲೂ ಪೀಟರ್' ಕಾರ್ಯಕ್ರಮಕ್ಕಾಗಿ 1974ರಲ್ಲಿ ಒಂದು ತೋಟ ರೂಪಿಸಿದ್ದರು. 1983ರಲ್ಲಿ ಯಾರೋ ಕಿಡಿಗೇಡಿಗಳು ನುಗ್ಗಿ, ಗಿಡಗಳನ್ನು ಹಾಳುಗೆಡವಿ, ಮೀನಿನ ಕೊಳಕ್ಕೆ ಎಣ್ಣೆ ಸುರಿದರು. ಆ ಸುದ್ದಿಗೆ ಇಡೀ ದೇಶವೇ ನೊಂದುಕೊಂಡಿತು. ಬಿ.ಬಿ.ಸಿ.ಯ ಆವರಣದೊಳಗಿನ ಒಂದು ಸಣ್ಣ ತುಂಡು ನೆಲ ಅದು. ಅಲ್ಲಿಗೆ ಎಂದೂ ಕಾಲಿಡದ ಮಕ್ಕಳಿಗೆ ಅದು ತಮ್ಮದೇ ತೋಟವಾಗಿಬಿಟ್ಟಿತ್ತು.

ಆದರೆ ಒಂದು ಊರಿನ ತೋಟ ಎಲ್ಲ ಊರಿನವರದೂ ಆಗುವುದು ಸುಲಭವಲ್ಲ. ಇಂಗ್ಲೆಂಡಿನ ದಕ್ಷಿಣದಲ್ಲಿ ವಸಂತ ಬಂದಾಗ ಸ್ಕಾಟ್ಲೆಂಡಿನ ಉತ್ತರದಲ್ಲಿ ಇನ್ನೂ ಹಿಮ. 'ಈ ವಾರ ಸಸಿ ನೆಡಿ' ಎಂದು ಅಲ್ಲಿಂದ ಹೇಳಿದ್ದನ್ನು ಕೇಳಿ ಇಲ್ಲಿ ನೆಟ್ಟರೆ ಸಸಿ ಸುಟ್ಟುಹೋಗುತ್ತದೆ. ಅದಕ್ಕೇ ಬಿ.ಬಿ.ಸಿ. ಸ್ಕಾಟ್ಲೆಂಡ್ 1978ರಲ್ಲಿ ಅಬರ್ಡೀನ್ ನಗರದಿಂದ 'ಬೀಚ್‌ಗ್ರೋವ್ ಗಾರ್ಡನ್' ಆರಂಭಿಸಿತು. ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. 1967ರ ಜನವರಿ 26ರಂದು ದೆಹಲಿ ಸುತ್ತಲಿನ 80 ಹಳ್ಳಿಗಳಿಗೆಂದು 'ಕೃಷಿ ದರ್ಶನ' ಶುರುವಾಯಿತು. 1975-76ರ ಉಪಗ್ರಹ ಬೋಧನಾ ಪ್ರಯೋಗದಲ್ಲಿ ರಾಯಚೂರು, ವಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳಿಗೂ ಕಾರ್ಯಕ್ರಮ ತಲುಪಿದಾಗ, ಅದನ್ನು ಕನ್ನಡದಲ್ಲೇ ಕೊಡಬೇಕಾಯಿತು. ಹೊಟ್ಟೆಪಾಡಿನ ಬೇಸಾಯ ಬೇರೆ, ಹವ್ಯಾಸದ ಕೈತೋಟ ಬೇರೆ, ನಿಜ. ಆದರೂ 'ನನ್ನ ಮಣ್ಣಿಗೆ ಇದು ಒಗ್ಗುತ್ತದೆಯೇ?' ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

1979ರಿಂದ 'ಗಾರ್ಡನರ್ಸ್ ವರ್ಲ್ಡ್' ನಿರೂಪಿಸಿದ ಜೆಫ್ ಹ್ಯಾಮಿಲ್ಟನ್ ಈ ಪ್ರಶ್ನೆಯನ್ನು ಚೆನ್ನಾಗಿ ಅರ್ಥಮಾಡಿಕೊಂಡವರು. ರಟ್‌ಲೆಂಡ್ ಪ್ರದೇಶದ ಬಾರ್ನ್ಸ್‌ಡೇಲ್‌ನಲ್ಲಿ ತಮ್ಮ ನೆಲವನ್ನೇ ಚಿತ್ರೀಕರಣಕ್ಕೆ ಬಿಟ್ಟುಕೊಟ್ಟರು. ಸಾಮಾನ್ಯರ ಮನೆಯ ಹಿತ್ತಿಲು ಎಷ್ಟಿರುತ್ತದೋ ಅಷ್ಟಷ್ಟೇ ಅಳತೆಯ ಪುಟ್ಟ ತೋಟಗಳನ್ನು ಅಲ್ಲಿ ಮಾಡಿ ತೋರಿಸಿದರು. ಅಂಗಡಿಯಲ್ಲಿ ದುಬಾರಿಯಾದ ಸಾಮಾನನ್ನು ಹಳೆಯ ಹಲಗೆ, ಪ್ಲಾಸ್ಟಿಕ್ ಡಬ್ಬಗಳಿಂದ ಮನೆಯಲ್ಲೇ ಮಾಡುವ ಉಪಾಯ ಹೇಳಿಕೊಟ್ಟರು. ಮುಂದೆ ಸಾವಯವ ಪದ್ಧತಿಗೆ ಹೊರಳಿ, ಪೀಟ್ ಬಳಕೆಯ ವಿರುದ್ಧವೂ ದನಿಯೆತ್ತಿದರು. ಪೀಟ್ ಎಂದರೆ ಜೌಗು ನೆಲದಲ್ಲಿ ಪಾಚಿ ಮೊದಲಾದುವು ಸಾವಿರಾರು ವರ್ಷ ಅರೆಕೊಳೆತು ಆದ ಮಣ್ಣು. ಒಂದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಕುಂಡಕ್ಕೆ ತುಂಬಿದ ಒಂದು ಬೊಗಸೆಯ ಹಿಂದೆ ಎಷ್ಟು ಕಾಲ ಇದೆ ಎಂದು ನೀವೇ ಲೆಕ್ಕ ಹಾಕಿ. ಔಷಧಿಯ ವಿಷಯದಲ್ಲಿ ಹ್ಯಾಮಿಲ್ಟನ್ ಮತ್ತು ಥ್ರೋವರ್ ತದ್ವಿರುದ್ಧ ದಿಕ್ಕಿನವರು. ಜನ ಇಬ್ಬರನ್ನೂ ನಂಬಿದರು. ಇದು ಯೋಚಿಸಬೇಕಾದ ಸಂಗತಿ: ಅಭಿಪ್ರಾಯಕ್ಕಿಂತ ಮೊದಲು ಜನ ನೋಡಿದ್ದು ಕೈಗೆ ಮಣ್ಣು ಮೆತ್ತಿದೆಯೇ ಎಂಬುದನ್ನು. 1996ರ ಆಗಸ್ಟ್‌ನಲ್ಲಿ ಧರ್ಮಾರ್ಥದ ಸೈಕಲ್ ಯಾತ್ರೆಯಲ್ಲಿದ್ದಾಗ ಹ್ಯಾಮಿಲ್ಟನ್ ಹೃದಯಾಘಾತದಿಂದ ತೀರಿಕೊಂಡರು. ಅವರ ತೋಟಗಳನ್ನು ನೋಡಲು ಜನ ಈಗಲೂ ಹೋಗುತ್ತಾರೆ.

ಮರುವರ್ಷ ಬಂದ 'ಗ್ರೌಂಡ್ ಫೋರ್ಸ್' ಗಾಳಿಯನ್ನೇ ಬದಲಿಸಿತು. ಮನೆಯವರೊಬ್ಬರನ್ನು ಎರಡು ದಿನ ಹೊರಗೆ ಕಳಿಸಿ, ಅವರಿಗೆ ತಿಳಿಯದಂತೆ ಹಿತ್ತಿಲನ್ನು ಪೂರ್ತಿ ಬದಲಾಯಿಸಿಬಿಡುವುದು ಇದರ ಕ್ರಮ. ಮರದ ಹಲಗೆಯ ಜಗಲಿ, ಪುಟಿಯುವ ನೀರು, ಕೊನೆಗೆ ಮನೆಯವರ ಬೆರಗು! ನೆಲ್ಸನ್ ಮಂಡೇಲಾ ಅವರ ಹುಟ್ಟೂರಿನ ಸೀಮೆಯ ಮನೆಗೂ ಈ ತಂಡ ಹೋಗಿಬಂತು. ಎರಡು ದಿನದಲ್ಲಿ ಆಗುವುದು ಕಟ್ಟಡದ ಕೆಲಸ. ಬೇರು ಇಳಿಯುವುದು ಆಮೇಲೆ, ಕ್ಯಾಮೆರಾ ಹೋದ ಮೇಲೆ. ಅದನ್ನು ನೋಡಲು ನಮಗೆ ಸಿಗಲಿಲ್ಲ. ಹಾಗೆಂದು ಹಳಿಯಲಾರೆ. ಗುದ್ದಲಿ ಮುಟ್ಟದವರನ್ನೂ ಅದು ಹಿತ್ತಿಲಿಗೆ ಇಳಿಸಿತು. ಅದರ ನಿರೂಪಕ ಅಲನ್ ಟಿಚ್‌ಮಾರ್ಷ್ 2002ರವರೆಗೆ 'ಗಾರ್ಡನರ್ಸ್ ವರ್ಲ್ಡ್'ನಲ್ಲೂ ಇದ್ದರು. ಎರಡು ದಿನದ ತೋಟ, ವರ್ಷಗಟ್ಟಲೆಯ ತೋಟ, ಎರಡನ್ನೂ ಒಬ್ಬರೇ ತೋರಿಸಿದರು, ಅದೇ ಜನ ನೋಡಿದರು. 'ಗ್ರೌಂಡ್ ಫೋರ್ಸ್' 2005ರಲ್ಲಿ ನಿಂತಿತು. ನಿಧಾನದ ಕಾರ್ಯಕ್ರಮ ಉಳಿಯಿತು.

ಉಳಿಯಿತಾದರೂ ಪ್ರಯೋಗಗಳಿಂದ ತಪ್ಪಿಸಿಕೊಳ್ಳಲಿಲ್ಲ. 2009ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಚಿತ್ರೀಕರಣಕ್ಕೆಂದೇ ಹೊಸ ತೋಟ ನಿರ್ಮಿಸಲಾಯಿತು. ಎರಡೇ ವರ್ಷದಲ್ಲಿ ಅದನ್ನು ಬಿಟ್ಟು, 2011ರಲ್ಲಿ ಮಾಂಟಿ ಡಾನ್ ಅವರ ಸ್ವಂತ ಮನೆಯ ತೋಟಕ್ಕೆ ಕ್ಯಾಮೆರಾ ಹೋಯಿತು. ಅಲ್ಲಿ ಅವರ ನಾಯಿ ನೈಜೆಲ್ ಪಾತಿಗಳ ನಡುವೆ ಓಡಾಡುತ್ತಿತ್ತು. ಅದು 2020ರಲ್ಲಿ ಸತ್ತಾಗ ನೋಡುಗರು ತಮ್ಮ ಮನೆಯ ನಾಯಿಯೇ ಹೋದಂತೆ ಮರುಗಿದರು.

ಅದೇ ವರ್ಷ ಕೋವಿಡ್ ನಿರ್ಬಂಧಗಳಿಂದ ಚಿತ್ರೀಕರಣ ತಂಡಗಳ ಓಡಾಟ ಕಷ್ಟವಾಯಿತು. ಆಗ 'ನಿಮ್ಮ ತೋಟವನ್ನು ನೀವೇ ಚಿತ್ರಿಸಿ ಕಳಿಸಿ' ಎಂದು ವೀಕ್ಷಕರನ್ನೇ ಕೇಳಲಾಯಿತು. ಮೊಬೈಲಿನಲ್ಲಿ ತೆಗೆದ ತುಣುಕುಗಳು ಬಂದವು: ಹಿತ್ತಿಲು, ಮನೆಮುಂದಿನ ಅಂಗಳ, ಕುಂಡ ಸಾಲಿಟ್ಟ ಬಾಲ್ಕನಿ. ಕ್ಯಾಮೆರಾ ಅಲುಗುತ್ತಿತ್ತು, ಮಾತು ತೊದಲುತ್ತಿತ್ತು. ಯಾರೋ ತಾವು ಬೆಳೆದದ್ದನ್ನು ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು. ನಿರ್ಬಂಧಗಳು ತೆರವಾದ ಮೇಲೂ ಆ ತುಣುಕುಗಳು ಕಾರ್ಯಕ್ರಮದಲ್ಲಿ ಉಳಿದುಕೊಂಡವು.