ಇಲ್ಲದ ಚಿತ್ರಗಳ ಚರಿತ್ರೆ

ತಾರ್ಕಿಕರು ಅಭಾವವನ್ನು ವಿಂಗಡಿಸುವಾಗ ಪ್ರಾಗಭಾವ, ಪ್ರಧ್ವಂಸಾಭಾವಗಳನ್ನು ಬೇರೆ ಬೇರೆಯಾಗಿ ಎಣಿಸುವರಷ್ಟೆ. ಗಡಿಗೆಯು ಹುಟ್ಟುವುದಕ್ಕೆ ಮುಂಚೆ ಇಲ್ಲದಿರುವುದು ಒಂದು. ಒಡೆದ ಮೇಲೆ ಇಲ್ಲದಿರುವುದು ಇನ್ನೊಂದು. ಮೊದಲನೆಯದಕ್ಕೆ ಅಂತ್ಯವುಂಟು, ಎರಡನೆಯದಕ್ಕಿಲ್ಲ. ಫಿಲಿಪ್ಪೈನ್ಸ್ ದ್ವೀಪಗಳ ಮೂಕಚಿತ್ರಗಳ ವಿಷಯದಲ್ಲಿ ಇವೆರಡೂ ಒಂದೆಡೆ ಕೂಡಿವೆ.

ಆ ದೇಶದವರು ಸ್ಪೆಯಿನ್ ದೊರೆತನದ ವಿರುದ್ಧ ದಂಗೆಯೆದ್ದುದು 1896ರಲ್ಲಿ. ಚಲಚ್ಚಿತ್ರವು ಮನಿಲಾ ನಗರಕ್ಕೆ ಬಂದುದು 1897ರಲ್ಲಿ, ಅದೂ ಪರದೇಶೀಯರ ಕೈಯಲ್ಲಿ. 1899ರಲ್ಲಿ ಅಮೆರಿಕದವರೊಡನೆ ಯುದ್ಧವೊದಗಲು, ಎಡಿಸನ್ ಸಂಸ್ಥೆಯವರು ಆ ಕದನದ ದೃಶ್ಯಗಳೆಂದು ಕೆಲವು ಚಿತ್ರಗಳನ್ನು ತೋರಿಸಿದರು. ಅವು ತೆಗೆದದ್ದೋ ಅಮೆರಿಕದ ನ್ಯೂಜರ್ಸಿಯಲ್ಲಿ, ವೇಷ ಹಾಕಿಸಿ!

ದೇಶೀಯನೊಬ್ಬನ ಮೊದಲ ಕಥಾಚಿತ್ರವು ಹೋಸೆ ನೆಪೊಮುಸೆನೊ ತೆಗೆದ ‘ದಲಾಗಾಂಗ್ ಬುಕಿಡ್’, ಎಂದರೆ ಹಳ್ಳಿಯ ಕನ್ಯೆ. ಇದು 1919ರ ಸೆಪ್ಟೆಂಬರಿನಲ್ಲಿ ಹೊರಬಂದಿತು. ಚಿತ್ರವು ಮೂಕವಾದರೂ ನಾಯಿಕೆ ಅತಾಂಗ್ ದೆ ಲಾ ರಾಮಾ ತಾನೇ ಪ್ರದರ್ಶನಕ್ಕೆ ಬಂದು ಹಾಡುತ್ತಿದ್ದಳಂತೆ. ಅದೂ ಉಳಿಯಲಿಲ್ಲ, ನೆಪೊಮುಸೆನೊವಿನ ಬೇರೆ ಮೂಕ ಕಥಾಚಿತ್ರಗಳೂ ಉಳಿಯಲಿಲ್ಲ. ಆ ಕಾಲದ ಫಿಲ್ಮು ಬೆಂಕಿಗೆ ಸುಲಭದ ತುತ್ತು. ಉಷ್ಣದೇಶದ ತೇವಕ್ಕೆ ತಾನಾಗಿಯೇ ಕೊಳೆಯುವುದು. ಮೇಲಾಗಿ 1945ರ ಯುದ್ಧದಲ್ಲಿ ಮನಿಲಾ ನಗರವೇ ಸುಟ್ಟುಹೋಯಿತು. ನ್ಯೂಜರ್ಸಿಯ ಚಿತ್ರಗಳಾದರೋ ಇಂದಿಗೂ ಇವೆ. ಹಕ್ಕಿನ ರಕ್ಷಣೆಗಾಗಿ ಅವುಗಳನ್ನು ಕಾಗದದ ಮೇಲೆ ಅಚ್ಚುಹಾಕಿ ವಾಷಿಂಗ್ಟನ್ ಗ್ರಂಥಾಲಯದಲ್ಲಿ ಒಪ್ಪಿಸಿದ್ದರು. ನಿಜವು ಬೂದಿಯಾಯಿತು, ಸೋಗು ಕಾಗದದ ಆಶ್ರಯದಲ್ಲಿ ಬದುಕಿತು.

1984ರಲ್ಲಿ ಮನಿಲಾದಲ್ಲಿ ಹುಟ್ಟಿದ ರಾಯಾ ಮಾರ್ಟಿನ್ ಎಂಬವನು 2005ರಲ್ಲಿ ಒಂದು ಚಿತ್ರವನ್ನು ರಚಿಸಿದನು. ‘ಇಂಡಿಯೊ ನಾಸಿಯೊನಾಲ್’ ಕುರಿತ ಕಿರುಚಿತ್ರವೆಂದು ಅದರ ಹೆಸರು. ಇಂಡಿಯೊ ಎಂಬುದು ಸ್ಪೆಯಿನಿನವರು ದೇಶೀಯರನ್ನು ಕರೆಯುತ್ತಿದ್ದ ಪದ. ಕಿರುಚಿತ್ರವೆಂದರೂ ಒಂದೂವರೆ ಗಂಟೆ ನಡೆಯುತ್ತದೆ. ನಿದ್ರೆ ಬಾರದ ಹೆಂಗಸೊಬ್ಬಳಿಗೆ ಗಂಡನು ಕಥೆ ಹೇಳುವ ವರ್ಣದೃಶ್ಯವು ಮೊದಲು ಬರುತ್ತದೆ. ಅದು ತಾಳ್ಮೆಯನ್ನು ಪರೀಕ್ಷಿಸುವಷ್ಟು ದೀರ್ಘ. ಅನಂತರ ಎಲ್ಲವೂ ಕಪ್ಪುಬಿಳುಪು, ಮಾತಿಗೆ ಬದಲು ಬರಹದ ಫಲಕಗಳು. ಇಗರ್ಜಿಯ ಗಂಟೆ ಬಾರಿಸುವ ಹುಡುಗ, ದಂಗೆಗೆ ಸೇರುವ ತರುಣ, ನಾಟಕದ ನಟ, ಇಂಥ ಸಾಮಾನ್ಯರೇ ಅದರ ಪಾತ್ರಗಳು. ವೀರರ ಮೆರವಣಿಗೆ ಅಲ್ಲಿಲ್ಲ.

ನೆಪೊಮುಸೆನೊವಿನ ಚಿತ್ರವನ್ನು ಮತ್ತೆ ಕಟ್ಟುವ ಗೋಜಿಗೆ ಅವನು ಹೋಗಲಿಲ್ಲ. ಒಡೆದ ಗಡಿಗೆ ಒಡೆದದ್ದೇ. 1896ರಲ್ಲಿ ದೇಶೀಯನ ಕೈಯಲ್ಲಿ ಯಂತ್ರವಿದ್ದಿದ್ದರೆ ಏನನ್ನು ತೆಗೆಯುತ್ತಿದ್ದನೋ ಅದನ್ನೇ ಕಲ್ಪಿಸಿದನು. ಅಂತ್ಯವುಳ್ಳ ಅಭಾವವನ್ನೇ ಆರಿಸಿಕೊಂಡದ್ದು ಅವನ ಜಾಣತನ.

2009ರ ‘ಇಂಡಿಪೆಂಡೆನ್ಸಿಯಾ’ ಎಂಬ ಚಿತ್ರದಲ್ಲಿ ಅವನು ಅಮೆರಿಕದವರ ಕಾಲಕ್ಕೆ ಬಂದನು. ಬಣ್ಣ ಬಳಿದ ಪರದೆಗಳ ಕಾಡಿನಲ್ಲಿ ನಡೆಯುವ ಆ ಕಥೆಯ ಮಧ್ಯದಲ್ಲಿ, ಅಮೆರಿಕದವರ ವಾರ್ತಾಚಿತ್ರದ ಸೋಗನ್ನು ತಾನೇ ತೊಟ್ಟು ರಚಿಸಿದ ತುಣುಕೊಂದಿದೆ. ನ್ಯೂಜರ್ಸಿಯ ಸಾಲವು ಬಡ್ಡಿಸಹಿತ ಸಂದಿತೆನ್ನಬಹುದು.