ಕರೆಂಟಿನ ಲೆಕ್ಕ, ನೀರಿನ ಲೆಕ್ಕ

ಹೊಸಕೋಟೆಯಲ್ಲಿ ಕೋಳಿ ಕೂಗುವ ಮೊದಲೇ ಬಿರಿಯಾನಿಗೆ ಸಾಲು ನಿಲ್ಲುವವರಿಗೆ ದಮ್ ಎಂದರೇನೆಂದು ವಿವರಿಸಬೇಕಿಲ್ಲ. ಹಂಡೆಯ ಬಾಯಿ ಬಿಗಿದು, ಒಳಗಿನ ಹಬೆ ಸೋರದಂತೆ ಕಾಯುವುದು. ಪಕ್ಕದ ವೈಟ್‌ಫೀಲ್ಡಿನ ಡೇಟಾ ಸೆಂಟರುಗಳ ಕಷ್ಟ ಇದಕ್ಕೆ ತದ್ವಿರುದ್ಧ. ಯಂತ್ರಗಳು ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಅದನ್ನು ಆಚೆಗೆ ಅಟ್ಟದಿದ್ದರೆ ಸರ್ವರುಗಳಿಗೇ ದಮ್ ಕಟ್ಟಿದಂತೆ.

ಈ ಬಿಸಿ ಓಡಿಸುವ ವಿದ್ಯೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದಿದೆ. ಐಬಿಎಂ 1980ರಲ್ಲಿ ತಂದ 3081 ಯಂತ್ರವನ್ನು ತಣಿಸುತ್ತಿದ್ದುದು ನೀರು. 1985ರ ಕ್ರೇ-2ರ ಬೋರ್ಡುಗಳು ವಿದ್ಯುತ್ ಹರಿಸದ ದ್ರವವೊಂದರಲ್ಲಿ ಮುಳುಗಿಯೇ ಇರುತ್ತಿದ್ದವು. ಕಡಿಮೆ ವಿದ್ಯುತ್ ಬೇಡುವ ಚಿಪ್ಪುಗಳು ಬಂದ ಮೇಲೆ ಪೈಪುಗಳ ಗೊಡವೆಯೇ ಬೇಡವೆಂದು ಹೆಚ್ಚಿನವರು ಏಸಿಗೆ ಶರಣಾದರು. ಆಗ ರ‍್ಯಾಕುಗಳನ್ನು ಶಾಲೆಯ ಬೆಂಚುಗಳ ಹಾಗೆ ಒಂದೇ ದಿಕ್ಕಿಗೆ ಜೋಡಿಸುತ್ತಿದ್ದರು. ಮುಂದಿನ ಸಾಲು ಬೆನ್ನಿನಿಂದ ಬಿಟ್ಟ ಬಿಸಿಗಾಳಿಯನ್ನೇ ಹಿಂದಿನ ಸಾಲು ಸೇದುತ್ತಿತ್ತು. ಸಾಲುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ನಿಲ್ಲಿಸಿ, ಒಂದು ಓಣಿ ತಂಪು, ಇನ್ನೊಂದು ಬಿಸಿ ಎಂದು 1992ರಲ್ಲಿ ಬೇರ್ಪಡಿಸಿದ ಹಿರಿಮೆ ಐಬಿಎಂನ ರಾಬರ್ಟ್ ಸಲಿವನ್ ಅವರದು. ಇಷ್ಟು ಸರಳ ಉಪಾಯ ಹೊಳೆಯಲು ಅಷ್ಟು ವರ್ಷ ಬೇಕಾಯಿತೇ ಎನ್ನಿಸುತ್ತದೆ.

ಎಂಜಿನಿಯರುಗಳ ಸಂಘ ಆಶ್ರೇ 2004ರಲ್ಲಿ, ಸರ್ವರುಗಳೊಳಗೆ ಹೋಗುವ ಗಾಳಿ 20ರಿಂದ 25 ಡಿಗ್ರಿ ಇರಲಿ ಎಂದಿತು. 2008ರಲ್ಲಿ 27ರವರೆಗೂ ಬಿಡಬಹುದೆಂದಿತು. ಆದರೂ ಸ್ವೆಟರ್ ತೊಟ್ಟು ಸರ್ವರ್ ರೂಮಿಗೆ ಹೋಗುವ ರೂಢಿ ಸುಲಭಕ್ಕೆ ಅಳಿಯಲಿಲ್ಲ. ನಡುವೆ, 2007ರಲ್ಲಿ, ಗ್ರೀನ್ ಗ್ರಿಡ್ ಒಕ್ಕೂಟ ಪಿಯುಇ ಎಂಬ ಅಳತೆಯನ್ನು ಬಳಕೆಗೆ ತಂದಿತು. ಇಡೀ ಕಟ್ಟಡ ಎಳೆದ ವಿದ್ಯುತ್ತನ್ನು ಕಂಪ್ಯೂಟರುಗಳಿಗೆ ಸಂದ ವಿದ್ಯುತ್ತಿನಿಂದ ಭಾಗಿಸಿದರೆ ಅದು ಸಿಗುತ್ತದೆ. ಅಪ್‌ಟೈಮ್ ಸಂಸ್ಥೆಯ ಸಮೀಕ್ಷೆಗಳಲ್ಲಿ ಆಗ 2.5 ಇದ್ದ ಸರಾಸರಿ ಕೆಲವೇ ವರ್ಷಗಳಲ್ಲಿ 1.6ರ ಆಸುಪಾಸಿಗೆ ಇಳಿದು ಅಲ್ಲೇ ಕೂತಿದೆ.

ನಮ್ಮ ಸೀಮೆಗೆ ಹವೆಯ ವರವಿದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಡಿಸೆಂಬರ್–ಜನವರಿಯ ರಾತ್ರಿ 15–16 ಡಿಗ್ರಿ. ಆಗ ಚಿಲ್ಲರ್ ನಿಲ್ಲಿಸಿ ಹೊರಗಿನ ತಂಪನ್ನೇ ಬಳಸಬಹುದು. ಏಪ್ರಿಲ್ ಬಂದರೆ ಲಾವಂಚದ ತಟ್ಟಿಗೆ ನೀರು ಚಿಮುಕಿಸುವ ಹಳೆಯ ಉಪಾಯ: ನೀರು ಆವಿಯಾಗುತ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ಕೂಲಿಂಗ್ ಟವರ್ ಮಾಡುವುದೂ ಇದನ್ನೇ. ಗಾಳಿ ಒಣಗಿದಷ್ಟೂ ಇದು ಚೆನ್ನ, ಕರೆಂಟೂ ಉಳಿತಾಯ.

ತೊಡಕು ಇರುವುದೂ ಇಲ್ಲೇ. ಒಂದು ಯೂನಿಟ್ ವಿದ್ಯುತ್ತಿನ ಬಿಸಿ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಬೇಕು. ಒಂದು ಮೆಗಾವಾಟ್ ಎಂದರೆ ದಿನಕ್ಕೆ 24,000 ಯೂನಿಟ್. ಪೂರ್ತಿ ಈ ದಾರಿಯನ್ನೇ ನೆಚ್ಚಿದರೆ ನೀರು ಸುಮಾರು 36,000 ಲೀಟರ್, 6,000 ಲೀಟರಿನ ಆರು ಟ್ಯಾಂಕರ್. ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿ ಹೊಸಕೋಟೆಯೂ ಇದೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಟ್ಯಾಂಕರುಗಳಿಗೆ ಸರ್ಕಾರವೇ ದರ ನಿಗದಿ ಮಾಡಬೇಕಾಯಿತು. ಟವರ್ ಹೆಚ್ಚು ನೀರು ಕೇಳುವುದೂ ಕೆರೆ ಬತ್ತುವುದೂ ಒಂದೇ ತಿಂಗಳಲ್ಲಿ. ಪಿಯುಇಯಲ್ಲಿ ಈ ನೀರು ಕಾಣುವುದಿಲ್ಲ. ಅದಕ್ಕೆಂದೇ 2011ರಲ್ಲಿ ಡಬ್ಲ್ಯುಯುಇ ಎಂಬ ಬೇರೆ ಅಳತೆ ಬಂದಿತಾದರೂ, ಜಾಹೀರಾತಿನಲ್ಲಿ ಮೆರೆಯುವುದು ಹೆಚ್ಚಾಗಿ ಪಿಯುಇಯೇ.

ಎಐ ಚಿಪ್ಪುಗಳು ಬಂದ ಮೇಲೆ ಒಂದೇ ರ‍್ಯಾಕ್ 100 ಕಿಲೋವಾಟ್ ದಾಟುತ್ತಿದೆ. ಅಷ್ಟು ಬಿಸಿಯನ್ನು ಗಾಳಿ ಹೊರಲಾರದು. ಹಾಗಾಗಿ ಚಿಪ್ಪಿನ ಬೆನ್ನಿಗೇ ಪೈಪು ಬಂದಿದೆ, 1980ರ ಹಾಗೆ. ಆದರೆ ಈಗಿನ ನೀರು ತಣ್ಣಗಿರಬೇಕಿಲ್ಲ. ಜರ್ಮನಿಯ ಗಾರ್ಶಿಂಗಿನ ಸೂಪರ್‌ಎಂಯುಸಿ ಎಂಬ ಸೂಪರ್‌ಕಂಪ್ಯೂಟರ್ 2012ರಲ್ಲೇ 45 ಡಿಗ್ರಿವರೆಗಿನ ಬೆಚ್ಚನೆಯ ನೀರಿನಿಂದ ತಣಿಯಬಲ್ಲದಾಗಿತ್ತು. ಬೆಂಗಳೂರಿನಲ್ಲಿ ದಾಖಲಾದ ಅತಿ ಹೆಚ್ಚು ಉಷ್ಣಾಂಶ 2016ರ ಏಪ್ರಿಲ್ 24ರ 39.2 ಡಿಗ್ರಿ. ಪೈಪಿನ ನೀರು ಹೊರಗಿನ ಗಾಳಿಗಿಂತ ಬಿಸಿಯಾಗಿದ್ದರೆ ಒಂದು ಹನಿಯನ್ನೂ ಆವಿ ಮಾಡದೆ ಬರೀ ಫ್ಯಾನು, ರೇಡಿಯೇಟರಿನಿಂದ ಬಿಸಿ ಕಳೆಯಬಹುದು, ಲಾರಿಯ ಎಂಜಿನ್ನಿನ ಹಾಗೆ. ಫ್ಯಾನುಗಳು ತುಸು ಹೆಚ್ಚು ಕರೆಂಟ್ ತಿನ್ನುತ್ತವೆ, ತಿನ್ನಲಿ.

ಹಳೆಯ ಕಟ್ಟಡಗಳಿಗೆ ಇದು ಒಗ್ಗದು. ಟವರ್ ಬೇಕೇ ಬೇಕು. ಅಂಥವಕ್ಕೆ ಊರಿನ ಕೊಳಚೆ ನೀರಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಇನ್ನಷ್ಟು ಶುದ್ಧೀಕರಿಸಿದರೆ ಅಂಥ ನೀರನ್ನೇ ಟವರಿಗೂ ಹರಿಸಬಹುದು, ಬೋರ್‌ವೆಲ್ಲಿಗೆ ಕೈಹಾಕದೆ.